ಕಮರಿಯ ಆಸ್ಪತ್ರೆಗೆ ಹೊತ್ತೊಯ್ದವರು

ಜುಲೈ ೨೮, ಸೋಮವಾರ

ಇವತ್ತಿನದನ್ನು ಹೆಂಡತಿ ರೋಜ್‌ಗೂ ಹೇಳಲಿಲ್ಲ, ಹೇಳುವ ಧೈರ್ಯವೂ ಇಲ್ಲ. ಮನೆಯಲ್ಲಿ ನಮ್ಮ ಮಾತು ಕೊಂಕಣಿ, ಮಗಳ ಉತ್ತರ ಇಂಗ್ಲಿಷು. ಇಪ್ಪತ್ತೆರಡು ವರ್ಷ ಕಲಿಸಿದ ಕನ್ನಡಕ್ಕೆ ಲಂಡನ್ ಅಂಚಿನ ಸಟನ್ನಿನ ಈ ಫ್ಲ್ಯಾಟಿನಲ್ಲಿ ಉಳಿದಿರುವ ಜಾಗ ಈ ಪುಸ್ತಕ ಒಂದೇ. ಇಲ್ಲಿಯಾದರೂ ನಿಜ ಬರೆಯಬೇಕು.

ಬೆಳಿಗ್ಗೆ ಹತ್ತರ ಸುಮಾರಿಗೆ ಆಸ್ಪತ್ರೆಯ ಡ್ಯೂಟಿ ಹ್ಯಾಂಡ್‌ಸೆಟ್ಟಿನಲ್ಲಿ ಕರೆ ಬಂತು. ಎಮರ್ಜೆನ್ಸಿಯಲ್ಲಿರುವ ಒಬ್ಬ ವೃದ್ಧರನ್ನು ಸ್ಕ್ಯಾನಿಗೆ ಒಯ್ಯಬೇಕು, ಸೊಂಟದ ಮೂಳೆ ಮುರಿದಿದೆ. ಪರದೆ ಸರಿಸಿದರೆ ಟ್ರಾಲಿಯ ಪಕ್ಕದಲ್ಲಿ ಸೌಜನ್ಯಾ! ಶಿರ್ವದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಹದಿನೈದು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ. ಶೀತವಾಗಿದ್ದರಿಂದ ನಾನು ಮಾಸ್ಕ್ ಹಾಕಿಕೊಂಡಿದ್ದೆ. ಅದನ್ನು ಇನ್ನೂ ಮೇಲಕ್ಕೆ ಎಳೆದುಕೊಂಡೆ.

ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಾನು "ಲಂಡನ್ನಿನ ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ" ಇದ್ದೇನೆ. ನಾನು ಹಾಗೆ ಹೇಳಿದ್ದಲ್ಲ. ಯಾರೋ ಹಾಗೆ ಬರೆದರು, ನಾನು ತಿದ್ದಲಿಲ್ಲ. ರೋಜ್ ನರ್ಸ್ ಆಗಿ ಬಂದಳು, ನಾನು ಅವಳ ಹಿಂದೆ ಬಂದೆ. ಕನ್ನಡ ಮೇಷ್ಟ್ರಿಗೆ ಇಲ್ಲಿ ಸಿಕ್ಕಿದ್ದು ರೋಗಿಗಳನ್ನು ವಾರ್ಡಿನಿಂದ ಸ್ಕ್ಯಾನಿಗೆ, ಸ್ಕ್ಯಾನಿನಿಂದ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋಗುವ ಕೆಲಸ. ನಾಲ್ಕು ವರ್ಷವಾಯಿತು. ಆ ಕೆಲಸದ ಹೆಸರನ್ನು ಇಲ್ಲಿ ಬರೆಯಲೂ ಮನಸ್ಸಿಲ್ಲ.

ಸೌಜನ್ಯಾ ನನ್ನ ಹತ್ತಿರ ಇಂಗ್ಲಿಷಿನಲ್ಲೇ ಹೇಳಿದಳು: ಇವರು ನನ್ನ ಮಾವ, ಮುರಿಗೆಪ್ಪ ಅಂತ. ಊರಿಂದ ಬಂದು ಎರಡು ವಾರವಾಯಿತು. ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ, ತುಂಬ ಹೆದರಿದ್ದಾರೆ, ಮೆಲ್ಲಗೆ ಕರೆದುಕೊಂಡು ಹೋಗಿ. ನಾನು ತಲೆಯಾಡಿಸಿದೆ. ಅವಳು ಕಾಗದಪತ್ರಕ್ಕೆಂದು ಡಾಕ್ಟರ ಬಳಿ ಉಳಿದಳು.

ಕಾರಿಡಾರಿನಲ್ಲಿ ನಾವಿಬ್ಬರೇ. ಮುದುಕರು ಟ್ರಾಲಿಯ ಕಂಬಿ ಹಿಡಿದುಕೊಂಡು ಕೇಳಿದರು, "ತಮ್ಮಾ, ಎಲ್ಲಿಗೆ ಒಯ್ಯಾಕತ್ತೀಯಪಾ? ಈಗ ಕೊಯ್ತಾರೇನು? ಮಗಾ ಬರಲಿ, ಆಮ್ಯಾಲೆ ಒಯ್ಯೋ."

ನಾನು "ಓಕೆ, ಓಕೆ" ಅಂದೆ.

"ಯಾರರೆ ಕನ್ನಡದಾಗ ಹೇಳ್ರೋ" ಎಂದು ಅಳತೊಡಗಿದರು. ಸ್ಕ್ಯಾನ್ ಕೋಣೆಯಲ್ಲಿ ನಾಲ್ಕು ಜನ ಸೇರಿ ಹಲಗೆಯ ಮೇಲೆ ಜಾರಿಸುವಾಗ ಅವರು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. "ಫೋಟೋ ತೆಗೆಯುತ್ತಾರೆ ಅಷ್ಟೇ, ಹೆದರಬೇಡಿ." ನಾಲ್ಕು ಪದ. ನಾಲ್ಕೇ ಪದ. ನನ್ನ ಬಾಯಿಂದ ಹೊರಡಲಿಲ್ಲ.

ಜುಲೈ ೩೦, ಬುಧವಾರ

ಮುರಿಗೆಪ್ಪ ಎಂಬ ಹೆಸರು ಮತ್ತೆ ಬಂತು, ಥಿಯೇಟರಿಗೆ ಒಯ್ಯಲು. ಹೊಟ್ಟೆ ನೋವೆಂದು ಸುಳ್ಳು ಹೇಳಿ ಡೆಸ್ಮಂಡ್‌ಗೆ ದಾಟಿಸಿದೆ. ಡೆಸ್ಮಂಡ್ ಇಪ್ಪತ್ತಾರು ವರ್ಷದಿಂದ ಈ ಕೆಲಸದಲ್ಲಿದ್ದಾನೆ. ಏನೂ ಕೇಳದೆ ಹೋದ.

ಆಗಸ್ಟ್ ೨, ಶನಿವಾರ

ರಜೆಯ ವಿಷಯದಲ್ಲಿ ಮನೆಯಲ್ಲಿ ಜಗಳ. ಷೆಂಗೆನ್ ವೀಸಾ ಆಗಿದೆ, ಗ್ಯಾಟ್‌ವಿಕ್‌ನಿಂದ ವೆನಿಸ್‌ಗೆ ಟಿಕೆಟ್ ಆಗಿದೆ. ಇಟಲಿಯ ಪಾದುವಾಕ್ಕೆ ಹೋಗಿ ಸಂತ ಆಂತೋನಿಯವರ ಬಸಿಲಿಕಾ ನೋಡಬೇಕೆಂಬುದು ಅಮ್ಮನ ಕಾಲದಿಂದ ನನ್ನ ಆಸೆ. ಮಗಳು ಶೈನಿ ಈಗ ಅದಕ್ಕೆ ಎರಡು ದಿನದ ಬಾಲ ಸೇರಿಸಿದ್ದಾಳೆ. ಗಡಿಯಾಚೆ ಸ್ಲೊವೇನಿಯಾದಲ್ಲಿ, ಒಂದು ಕಮರಿಯ ಒಳಗೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳ ವಿರುದ್ಧ ಹೋರಾಡುತ್ತಿದ್ದವರು ಗುಟ್ಟಾಗಿ ಕಟ್ಟಿಕೊಂಡಿದ್ದ ಆಸ್ಪತ್ರೆಯಂತೆ. ಇತಿಹಾಸದ ಪ್ರಾಜೆಕ್ಟಿಗೆ ಅದೇ ಬೇಕಂತೆ.

"ರಜೆ ಹಾಕಿ ಆಸ್ಪತ್ರೆ ನೋಡ್ಲಿಕ್ಕೆ ಹೋಗುವವರು ಉಂಟಾ?" ಅಂದೆ.

ರೋಜ್ ಬಂಗುಡೆ ಹೊರಳಿಸುತ್ತಿದ್ದಳು. "ನೀವು ಪಾದುವಾದಲ್ಲಿ ಎಷ್ಟು ಹೊತ್ತು ಬೇಕಾದ್ರೂ ಮೊಣಕಾಲೂರಿ. ಆಮೇಲೆ ಅವಳ ಜೊತೆ ಸುಮ್ಮನೆ ಬನ್ನಿ. ನಂಗೂ ನೋಡ್ಬೇಕು ಅದನ್ನು."

ಒಂದಕ್ಕೆರಡು ಮತ. ಸೋತೆ.

ಆಗಸ್ಟ್ ೧೨, ಮಂಗಳವಾರ

ಊಟದ ಹೊತ್ತಿನಲ್ಲಿ ಡೆಸ್ಮಂಡ್ ಹೇಳಿದ, ನಿನ್ನ ದೇಶದ ಆ ಮುದುಕ ಆಪರೇಷನ್ ಆದರೂ ಏಳುತ್ತಿಲ್ಲ, ಫಿಸಿಯೋ ಹುಡುಗಿ ಬಂದರೆ ಗೋಡೆಗೆ ಮುಖ ಮಾಡುತ್ತಾನೆ, ಎದೆಯಲ್ಲಿ ಕಫ ಕಟ್ಟಿದೆ. ಹೀಗೇ ಮಲಗಿದರೆ ಮುದುಕ ಉಳಿಯುವುದಿಲ್ಲ.

ಆ ಮುದುಕರ ಮಾತು ನನಗೆ ಬರುತ್ತದೆಂದು ಇವನಿಗೆ ಗೊತ್ತಾಗಿದೆಯೇ? ಸಂಜೆ ವಾರ್ಡಿನ ಬಾಗಿಲವರೆಗೆ ಹೋಗಿ ಬಂದೆ. ಗಾಜಿನಾಚೆ ಮುದುಕರ ಬೆನ್ನು ಕಂಡಿತು.

ಆಗಸ್ಟ್ ೧೯, ಮಂಗಳವಾರ. ಕಮರಿಯ ಕೆಳಗಿನ ಊರಿನ ಅತಿಥಿಗೃಹ

ಅಕ್ಷರ ಸೊಟ್ಟಗಾಗುತ್ತಿವೆ. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಪಾದುವಾದಿಂದ ಎರಡು ರೈಲು, ಒಂದು ಬಸ್ಸು, ಒಂದು ಟ್ಯಾಕ್ಸಿ. ಟ್ಯಾಕ್ಸಿಯಿಂದ ಇಳಿದ ಜಾಗದಲ್ಲಿ ಆಸ್ಪತ್ರೆ ಎನ್ನುವಂಥದ್ದು ಏನೂ ಇಲ್ಲ. ಎರಡು ಕಡೆ ಬಂಡೆ, ನಡುವೆ ಸೀಳಿದಂಥ ಸಂದು, ಅದರೊಳಗಿಂದ ನೀರಿನ ಸದ್ದು. ಬಂಡೆಯ ಬದಿಗೆ ಅಂಟಿಕೊಂಡ ಮೆಟ್ಟಿಲು, ಸಣ್ಣ ಸಣ್ಣ ಮರದ ಸೇತುವೆ. ಹದಿನೈದು ನಿಮಿಷ ಹತ್ತಿದ ಮೇಲೆ ಒಂದು ತಿರುವಿನಲ್ಲಿ ಮರದ ಗುಡಿಸಲುಗಳು ಕಂಡವು. ಪ್ರವಾಹ ಬಂದು ಕೊಚ್ಚಿಹೋದದ್ದನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿದ್ದಾರೆ. ಆಪರೇಷನ್ ಕೋಣೆ, ಎಕ್ಸ್‌ರೇ ಕೋಣೆ, ಅಡುಗೆಮನೆ, ಒಂದರ ಮೇಲೊಂದು ಹಲಗೆ ಮಂಚಗಳ ವಾರ್ಡು. ಮೇಲೆ ನೋಡಿದರೆ ಆಕಾಶ ಒಂದು ಪಟ್ಟಿಯಷ್ಟೇ. ರೋಜ್ ಆಪರೇಷನ್ ಕೋಣೆಯ ಮುಂದೆ ನಿಂತವಳು ಅಲ್ಲಾಡಲಿಲ್ಲ. "ಇಷ್ಟೇ ಜಾಗದಲ್ಲಿ! ನಾವು ಒಂದು ಟ್ರೇ ಕಮ್ಮಿಯಾದ್ರೆ ಗಲಾಟೆ ಮಾಡ್ತೇವೆ" ಅಂದಳು.

ವಿವರಿಸುತ್ತಿದ್ದದ್ದು ಐವತ್ತು ದಾಟಿದ ಹೆಂಗಸು, ಅದೇ ಕಣಿವೆಯವರು. ಶತ್ರು ಸೈನ್ಯ ಸುತ್ತಮುತ್ತ ಇದ್ದರೂ ಕೊನೆಯವರೆಗೂ ಈ ಜಾಗ ಅವರ ಕೈಗೆ ಸಿಗಲಿಲ್ಲವಂತೆ. ಹೆಜ್ಜೆಗುರುತು ಉಳಿಯಬಾರದೆಂದು ಗಾಯಾಳುಗಳನ್ನು ಹೊಳೆಯ ನೀರಿನಲ್ಲೇ ನಡೆದು ಹೊತ್ತು ತರುತ್ತಿದ್ದರು. ಹೊತ್ತು ತರುವಾಗ ಗಾಯಾಳುವಿನ ಕಣ್ಣು ಕಟ್ಟುತ್ತಿದ್ದರು. ನಾಳೆ ಅವನು ಶತ್ರುವಿಗೆ ಸಿಕ್ಕಿ, ಅವರು ಹಿಂಸೆ ಕೊಟ್ಟರೂ ದಾರಿ ಹೇಳಲು ಆಗಬಾರದು.

"ನನ್ನಜ್ಜಿ ಹೊರುವವರಲ್ಲಿ ಒಬ್ಬಳು" ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. "ಹತ್ತೊಂಬತ್ತು ವರ್ಷ ಅವಳಿಗೆ. ಹೊರುವುದು ದೊಡ್ಡ ಕಷ್ಟವಲ್ಲ ಅನ್ನುತ್ತಿದ್ದಳು. ಕಣ್ಣು ಕಟ್ಟಿಸಿಕೊಂಡು ಮಲಗಿದವನಿಗೆ ತನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾರೆಂದು ಗೊತ್ತಿಲ್ಲ. ಭಯದಿಂದಲೇ ಸಾಯಬಹುದು. ಅದಕ್ಕೆ ಅವಳು ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳಂತೆ. ಈಗ ನೀರು, ಈಗ ಬಂಡೆ, ಈಗ ಸೇತುವೆ, ಇನ್ನು ಸ್ವಲ್ಪವೇ. ಗಾಯಾಳು ಇಟಾಲಿಯನ್ ಆಗಿದ್ದರೆ ಬರುವ ನಾಲ್ಕು ಇಟಾಲಿಯನ್ ಪದದಲ್ಲೇ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೆಳಗಿಳಿದು ನೀರಿನ ಪಕ್ಕ ಕೂತೆ. ಹಿಂದೆಯೇ ರೋಜ್ ಬಂದಳು.

"ಎಂತ ಆಯ್ತು? ಎದೆ ನೋವಾ?"

ಎಲ್ಲವನ್ನೂ ಹೇಳಿದೆ. ಮಾಸ್ಕ್ ಎಳೆದುಕೊಂಡದ್ದು, "ಓಕೆ ಓಕೆ" ಅಂದದ್ದು, ಡೆಸ್ಮಂಡ್‌ಗೆ ದಾಟಿಸಿದ್ದು. ರೋಜ್ ನನ್ನನ್ನು ಸಮಾಧಾನ ಮಾಡಲಿಲ್ಲ. ಬೈಯಲೂ ಇಲ್ಲ. "ಆ ಅಜ್ಜ ಇನ್ನೂ ವಾರ್ಡಿನಲ್ಲೇ ಇದ್ದಾರಲ್ಲ" ಅಂದಳು. ಅಷ್ಟೇ.

ಆಗಲೇ ಮೇಲಿನಿಂದ ದೊಡ್ಡ ಸದ್ದು, ಹೆಂಗಸಿನ ಕಿರುಚಾಟ. ನಮ್ಮ ಗುಂಪಿನಲ್ಲಿದ್ದ ಡಚ್ ಗಂಡಸು, ಆರೂವರೆ ಅಡಿಯ ಆಸಾಮಿ, ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದ. ಪಾದ ತಿರುಗಬಾರದ ಕಡೆ ತಿರುಗಿತ್ತು. ರೋಜ್ ಹತ್ತಿಕೊಂಡು ಓಡಿದಳು. ಅವಳ ಹಿಂದೆ ನಾನು. ಅವಳು ಶೈನಿಯ ಸ್ಕಾರ್ಫ್ ತೆಗೆದುಕೊಂಡು, ಕೊಡೆಯನ್ನು ದಬ್ಬೆಯಂತೆ ಇಟ್ಟು ಕಾಲು ಬಿಗಿದಳು. ಆಂಬ್ಯುಲೆನ್ಸಿಗೆ ಫೋನ್ ಹೋಯಿತು. ಅದು ಬಂದರೂ ಕೆಳಗಿನ ರಸ್ತೆಯವರೆಗೆ ಮಾತ್ರ. ಮೋಡ ಬೇರೆ ಕವಿಯುತ್ತಿತ್ತು. ಮಳೆ ಬಂದರೆ ಆ ಮೆಟ್ಟಿಲ ಮೇಲೆ ಬರಿಗೈಯಲ್ಲಿ ನಡೆಯುವುದೂ ಕಷ್ಟ ಎಂದು ಆ ಹೆಂಗಸು ಹೇಳಿದರು. ಅವರ ಬಳಿ ಆಪತ್ತಿಗೆಂದು ಇಟ್ಟ ಮಡಚುವ ಸ್ಟ್ರೆಚರ್ ಇತ್ತು. ಆದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬ ಆಗಲೇ ಆ ಮನುಷ್ಯನ ಕಂಕುಳಿಗೆ ಕೈ ಹಾಕಿ ಎಳೆಯಲು ನೋಡುತ್ತಿದ್ದ.

"ಬಿಡಿ ಅವರನ್ನು!" ಅಂದೆ. ಹಿಂದಿನ ಬೆಂಚಿಗೆ ಕೇಳಿಸುವ ದನಿ.

ಎಳೆಯುತ್ತಿದ್ದವನು ಕೈ ತೆಗೆದ.

"ನೀವು ಡಾಕ್ಟರಾ?" ಆ ಹೆಂಗಸು ಕೇಳಿದರು.

"ಅಲ್ಲ. ನಾನು ಪೋರ್ಟರ್. ಲಂಡನ್ನಿನ ಆಸ್ಪತ್ರೆಯಲ್ಲಿ. ಇದು ನನ್ನ ಕೆಲಸ."

ಆರು ಜನರನ್ನು ಆರಿಸಿದೆ. ಇಳಿಯುವಾಗ ಕಾಲು ಮುಂದೆ, ತಲೆ ಮೇಲೆ. ಭಾರವೆಲ್ಲ ಕೆಳಗಿನವರ ಮೇಲೆ ಬೀಳುತ್ತದೆ, ಆದ್ದರಿಂದ ಗಟ್ಟಿ ಇಬ್ಬರು ಕೆಳಗೆ. ನಾನು ತಲೆಯ ಹತ್ತಿರ, ಅವನ ಕಿವಿಗೆ ನನ್ನ ಬಾಯಿ ಸಿಗುವ ಹಾಗೆ. ನೋವಿಗೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ನಾನು ಹೇಳುತ್ತಾ ಹೋದೆ: ಈಗ ಎತ್ತುತ್ತೇವೆ. ಈಗ ಮೂರು ಮೆಟ್ಟಿಲು. ಈಗ ಸೇತುವೆ, ಸ್ವಲ್ಪ ಅಲ್ಲಾಡುತ್ತದೆ. ಈಗ ಎಡಕ್ಕೆ, ಬಂಡೆ ತಾಗುವುದಿಲ್ಲ, ನನ್ನ ಕೈ ಇದೆ. ನಿಲ್ಲಿ, ಕೈ ಬದಲಿಸೋಣ. ಇನ್ನು ಸ್ವಲ್ಪವೇ.

ನಲವತ್ತು ನಿಮಿಷ. ಒಂದು ಸಲವೂ ಸ್ಟ್ರೆಚರ್ ವಾಲಲಿಲ್ಲ. ಆಂಬ್ಯುಲೆನ್ಸಿನವರಿಗೆ ಒಪ್ಪಿಸಿದ ಮೇಲೆ ಆ ಮನುಷ್ಯ ಕಣ್ಣು ಬಿಟ್ಟು ನನ್ನ ಮುಖ ಹುಡುಕಿದ. ಅಲ್ಲಿಯವರೆಗೆ ಅವನು ನನ್ನನ್ನು ನೋಡಿರಲೇ ಇಲ್ಲ, ಕೇಳಿದ್ದ ಅಷ್ಟೇ. ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಕಣಿವೆಯ ಆ ಹೆಂಗಸು ಹೆಚ್ಚು ಮಾತಾಡಲಿಲ್ಲ. "ನನ್ನಜ್ಜಿ ಇದ್ದಿದ್ದರೆ ನಿಮ್ಮನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದಳು" ಎಂದು ಗಟ್ಟಿಯಾಗಿ ಕೈಕುಲುಕಿದರು.

ಶೈನಿ ಈಗ ಪಕ್ಕದ ಕೋಣೆಯಿಂದ ಗೆಳತಿಗೆ ಫೋನ್ ಮಾಡುತ್ತಿದ್ದಾಳೆ. "ಮೈ ಡ್ಯಾಡ್ ರ‍್ಯಾನ್ ದ ಹೋಲ್ ಥಿಂಗ್" ಅನ್ನುವುದು ಗೋಡೆಯಾಚೆಯಿಂದ ಕೇಳುತ್ತಿದೆ. ಎರಡು ಸಲ ಹೇಳಿದಳು. ಭುಜ ಕಿತ್ತುಬರುವಷ್ಟು ನೋಯುತ್ತಿದೆ. ಇಂಥ ನೋವು ವರ್ಷಕ್ಕೊಮ್ಮೆಯಾದರೂ ಬರಲಿ.

ಆಗಸ್ಟ್ ೨೨, ಶುಕ್ರವಾರ

ಡ್ಯೂಟಿಗೆ ಮೊದಲೇ ವಾರ್ಡಿಗೆ ಹೋದೆ. ಮುರಿಗೆಪ್ಪನವರು ಗೋಡೆಗೆ ಮುಖ ಮಾಡಿದ್ದರು. ಆ ಕಡೆಗೆ ಕುರ್ಚಿ ಹಾಕಿಕೊಂಡು ಕೂತೆ.

"ಅಜ್ಜಾ, ನನ್ನ ಹೆಸರು ಪೈಯಸ್. ಉಡುಪಿ ಕಡೆಯವ. ಅವತ್ತು ನಿಮ್ಮನ್ನು ಸ್ಕ್ಯಾನಿಗೆ ಕರ್ಕೊಂಡು ಹೋದದ್ದು ನಾನೇ. ನಂಗೆ ಕನ್ನಡ ಬರ್ತದೆ."

ನನ್ನ ಮುಖ ನೋಡಿದರು. ಹತ್ತು ಕೆಜಿ ಇಳಿದಿರಬೇಕು, ಕಣ್ಣು ಮಾತ್ರ ದೊಡ್ಡದು.

"ಅವತ್ತ ಬಾಯಾಗ ಏನಿತ್ತು?"

ನಾನು ಹೊದಿಕೆ ಸರಿಪಡಿಸಲು ಕೈ ಚಾಚಿದೆ.

"ಹೋಗ್" ಅಂದರು. ಹೊರಳಲು ಆಗದೆ ಕಣ್ಣು ಮುಚ್ಚಿಕೊಂಡರು.

ಹೋದೆ.

ಆಗಸ್ಟ್ ೨೩, ಶನಿವಾರ

ರಜೆಯ ದಿನ. ಆದರೂ ಹೋದೆ. ರೋಜ್ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ವಾರ್ಡಿನ ಸಿಸ್ಟರ್ ಪಾತ್ರೆ ಮುಚ್ಚಳ ತೆಗೆದು ನೋಡಿ ಸರಿ ಅಂದರು.

ಗಂಜಿಯ ವಾಸನೆಗೆ ಮುದುಕರು ಕಣ್ಣು ಬಿಟ್ಟರು. ನಾಲ್ಕು ಚಮಚ ತಿಂದ ಮೇಲೆ ಮತ್ತೆ ಅದೇ ಪ್ರಶ್ನೆ. "ಯಾಕ ಮಾತಾಡ್ಲಿಲ್ಲ?"

"ನಾಚಿಕೆ ಆಯ್ತು ಅಜ್ಜಾ. ನಾನು ಊರಲ್ಲಿ ಮೇಷ್ಟ್ರಾಗಿದ್ದವ. ನಿಮ್ಮ ಸೊಸೆ ನನ್ನ ವಿದ್ಯಾರ್ಥಿ. ಅವಳ ಎದುರಿಗೆ ಟ್ರಾಲಿ ತಳ್ಳುವುದು..."

"ನಾ ಬಸ್ ಡ್ರೈವರ್" ಅಂದರು. ದನಿ ಒಮ್ಮೆಲೇ ಏರಿತು. "ಗದಗ–ಹುಬ್ಬಳ್ಳಿ, ಮೂವತ್ತೆರಡು ವರ್ಸ. ಖಾಕಿ ಅಂಗಿ ಹಾಕ್ಕೊಂಡ ಮಗನ ಸಾಲಿಗೆ ಹೋಗ್ತಿದ್ದೆ. ನನಗ ನಾಚಿಗಿ ಬರಬೇಕಾಗಿತ್ತೇನು, ಮಾಸ್ತರ?"

ಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ. ಕೆಮ್ಮು ಬಂದು ಅವರ ಮಾತು ನಿಂತಿತು. ಬೆನ್ನು ನೀವಿದೆ, ಬೇಡ ಅನ್ನಲಿಲ್ಲ. ಕೆಮ್ಮು ತಗ್ಗಿದ ಮೇಲೆ ಕೇಳಿದರು, "ಆ ಬಿಳಿ ಹುಡುಗಿ ದಿನಾ ಬಂದು ಏನೋ ಒದರ್ತಾಳಲ್ಲ, ಏನಂತಾಳ ಆಕಿ?"

"ಎದ್ದು ನಿಲ್ಲಿ ಅಂತಾಳೆ. ನಿಂತರೆ ಕಾಲು ಮುರಿಯೋದಿಲ್ಲ, ಒಳಗೆ ಕಬ್ಬಿಣ ಹಾಕಿದ್ದಾರೆ ಅಂತಾಳೆ."

"ಹಂಗಂದ್ರೆ ಮೊದಲ ಹೇಳಬಾರದ? ನಿಂತರೆ ಮುರೀತದ ಅಂತ ನಾ ಅಂಜಿ ಮಲಗೇನಿ!"

ಇಪ್ಪತ್ತಾರು ದಿನ! ಮಗ, ಸೊಸೆ, ಫೋನಿನ ದುಭಾಷಿ ಎಲ್ಲರೂ "ಏಳಿ" ಅಂದಿದ್ದರು. ಒಳಗಿನ ಅಂಜಿಕೆ ಏನೆಂದು ಅವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಆಗಸ್ಟ್ ೨೫, ಸೋಮವಾರ

ಬ್ಯಾಂಕ್ ಹಾಲಿಡೇ, ಇಲ್ಲಿಯವರಿಗೆಲ್ಲ ರಜೆ, ಆದರೂ ಫಿಸಿಯೋ ಇದ್ದಳು. ಡೆಸ್ಮಂಡ್ ನನ್ನ ಎರಡು ಕೆಲಸ ತಾನೇ ಮಾಡಿದ. ಮುದುಕರನ್ನು ನಡೆಯುವ ಫ್ರೇಮ್ ಹಿಡಿಸಿ ನಿಲ್ಲಿಸಿದೆವು. ಹೆಜ್ಜೆ ಎತ್ತಲು ಧೈರ್ಯ ಸಾಲದೆ ನಿಂತೇ ಇದ್ದರು. ನನಗೆ ಏನು ತೋಚಿತೋ, ಕಂಡಕ್ಟರನಂತೆ "ರೈಟ್, ರೈಟ್!" ಅಂದೆ. ಬಲಗಾಲು ಮುಂದೆ ಬಂತು. ಎಡಗಾಲೂ ಬಂತು. ಮೂರು ಹೆಜ್ಜೆ. "ಹೋಲ್ಡಾನ್" ಎಂದು ಅವರೇ ಹೇಳಿ ಕೂತರು.

ಫಿಸಿಯೋ ಹುಡುಗಿ ಈಗ "ರೈಟ್, ರೈಟ್" ಕಲಿತಿದ್ದಾಳೆ.

ಆಗಸ್ಟ್ ೨೯, ಶುಕ್ರವಾರ

ಮುದುಕರು ಕಿಟಕಿಯವರೆಗೆ ನಡೆದರು. ನಾನು ಪಕ್ಕದಲ್ಲಿ ಕುರ್ಚಿ ತಳ್ಳುತ್ತಾ, ಮುಂದೆ ಏನಿದೆ ಅಂತ ಹೇಳುತ್ತಾ ಬರುತ್ತಿದ್ದೆ. ಹಿಂದಿನಿಂದ, "ಸರ್? ಪೈಯಸ್ ಸರ್ ಅಲ್ವಾ?"

ಸೌಜನ್ಯಾ. ಆಫೀಸಿನಿಂದ ಬೇಗ ಬಿಟ್ಟು ಬಂದಿದ್ದಳು.

"ಹೌದು ಮಾರಾಯ್ತಿ."

ಅವಳ ಮುಖ ಅರಳಿತು. ಸ್ವಲ್ಪ ಹೊತ್ತು ಶಾಲೆ, ಊರು ಎಂದು ಮಾತಾಡಿದಳು. ಆಮೇಲೆ ನನ್ನ ಸಮವಸ್ತ್ರ, ನನ್ನ ಕಣ್ಣು ನೋಡಿ ಮಾತು ನಿಲ್ಲಿಸಿದಳು. "ಅವತ್ತು ಸ್ಕ್ಯಾನಿಗೆ ಬಂದಿದ್ದು..."

"ನಾನೇ. ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ ಅಂತ ನೀನು ನನ್ನ ಹತ್ತಿರವೇ ಹೇಳಿದ್ದು."

"ಮಾವ ಅವತ್ತು ರಾತ್ರಿಯೆಲ್ಲ ಅತ್ತಿದ್ದಾರೆ ಸರ್." ಅಷ್ಟು ಹೇಳಿ ಹೊರಗೆ ಹೋಗಿಬಿಟ್ಟಳು.

ನಾನು ಅಲ್ಲೇ ನಿಂತೆ. ಮುರಿಗೆಪ್ಪನವರು ಕಿಟಕಿಯ ಕಟ್ಟೆ ಹಿಡಿದುಕೊಂಡು, "ಸಿಟ್ಟ ಮಾಡ್ಲಿ ಬಿಡ್ರಿ. ಮಾಡಬೇಕಾದ್ದ ಐತಿ. ನೀವ್ ಕುರ್ಚಿ ಹಿಂದ ತರ‍್ರಿ, ಕಾಲು ಸೋತಾವ" ಅಂದರು. ಕುರ್ಚಿ ತಂದೆ.

ಮನೆಗೆ ಬಂದು ರೋಜ್‌ಗೆ ಹೇಳಿದೆ. "ಹೇಳಿದ್ರಲ್ಲ, ಸಾಕು" ಅಂದಳು. ಊಟ ಸೇರಿತು. ನಿದ್ದೆಯೂ ಬರುತ್ತಿದೆ.

ಸೆಪ್ಟೆಂಬರ್ ೫, ಶುಕ್ರವಾರ

ಮುರಿಗೆಪ್ಪನವರಿಗೆ ಇವತ್ತು ಡಿಸ್ಚಾರ್ಜ್. ವಾರ್ಡಿನಿಂದ ಕರೆ ಬಂದಾಗ ಡೆಸ್ಮಂಡ್ ಹ್ಯಾಂಡ್‌ಸೆಟ್ ನನ್ನ ಕಡೆ ಚಾಚಿದ. "ನಿನ್ನ ಹೆಸರು ಹೇಳಿ ಕೇಳಿದ್ದಾರೆ" ಅಂದ. ಯಾರು ಎಂದರೆ, ಸೊಸೆಯಂತೆ.

ಮುದುಕರು ಶೇವ್ ಮಾಡಿಸಿಕೊಂಡು, ಬಿಳಿ ಟೊಪ್ಪಿಗೆ ಹಾಕಿಕೊಂಡು ವೀಲ್‌ಚೇರಿನಲ್ಲಿ ರಾಜನ ಹಾಗೆ ಕೂತಿದ್ದರು. ಸೌಜನ್ಯಾ ಚೀಲ ಹಿಡಿದು ಪಕ್ಕದಲ್ಲಿ ನಡೆದಳು. ಲಿಫ್ಟಿನೊಳಗೆ ಅವಳು, "ಸರ್, ನಂಗೆ ತುಂಬ ಸಿಟ್ಟು ಬಂದಿತ್ತು" ಅಂದಳು.

"ಬರಬೇಕು."

"ಈಗ್ಲೂ ಸ್ವಲ್ಪ ಉಂಟು."

"ಇರಲಿ. ಅಜ್ಜಾ, ಈಗ ಲಿಫ್ಟಿನಿಂದ ಹೊರಗೆ, ಒಂದು ಸಣ್ಣ ಕುಲುಕು."

"ಗೊತ್ತೈತಿ, ಗೊತ್ತೈತಿ" ಅಂದರು ಮುರಿಗೆಪ್ಪನವರು. "ಹಂಪು ಬಂದ್ರೆ ಗೇರ್ ಇಳಸ್ರಿ ಮಾಸ್ತರ."

ಸೌಜನ್ಯಾ ನಕ್ಕುಬಿಟ್ಟಳು. ಎಂಟನೇ ಕ್ಲಾಸಿನಲ್ಲಿ ನಗುತ್ತಿದ್ದ ಹಾಗೆಯೇ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ಮುಖ್ಯ ಬಾಗಿಲ ಹೊರಗೆ ಮಗ ಅಭಿಜಿತ್ ಕಾರು ತಂದು ನಿಲ್ಲಿಸಿದ್ದ. ಮುದುಕರು ಫ್ರೇಮ್ ಹಿಡಿದು ತಾವೇ ಎದ್ದು, ತಾವೇ ಆರು ಹೆಜ್ಜೆ ನಡೆದು ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಮಗ ಬಾಯಿ ತೆರೆದುಕೊಂಡು ನೋಡುತ್ತಿದ್ದ. ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಎಷ್ಟು ಮಕ್ಕಳು ಪಾಸಾದಾಗಲೂ ಹೀಗೆ ಆಗಿರಲಿಲ್ಲ.

ಹೊರಡುವ ಮುಂಚೆ ಸೌಜನ್ಯಾ ನನ್ನನ್ನು ಅವರ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ನನ್ನ ನೀಲಿ ಸಮವಸ್ತ್ರ, ಬ್ಯಾಡ್ಜು, ಖಾಲಿ ವೀಲ್‌ಚೇರು ಎಲ್ಲ ಬಂದಿತ್ತು.

"ಸರ್, ನಮ್ಮ ಸ್ಕೂಲ್ ಗ್ರೂಪಿಗೆ ಹಾಕ್ಲಾ?"

"ಹಾಕು."

ಫೋನಿನಲ್ಲಿ ಏನೋ ಒತ್ತಿ, ಅನುಮಾನಿಸುತ್ತಾ ನನ್ನ ಕಡೆ ತೋರಿಸಿದಳು. ಫೋಟೋದ ಕೆಳಗೆ ಬರೆದಿತ್ತು: "ನಮ್ಮ ಪೈಯಸ್ ಸರ್. ಲಂಡನ್ನಿನ ಆಸ್ಪತ್ರೆಯಲ್ಲಿ ಪೊರ್ಟರ್."

"ತಪ್ಪು" ಅಂದೆ.

ಅವಳ ಮುಖ ಕೆಂಪಾಯಿತು. ಅವಸರದಲ್ಲಿ ಅಳಿಸತೊಡಗಿದಳು. "ಸಾರಿ ಸರ್, ಸಾರಿ. ಹಾಸ್ಪಿಟಲ್ ಸ್ಟಾಫ್ ಅಂತ ಹಾಕ್ಲಾ?"

"ಅದಲ್ಲ ಮಾರಾಯ್ತಿ. 'ಪೊ'ಗೆ ದೀರ್ಘ ಹಾಕು."